ನಿಶಾನೆ ಏರುವ ಮೊದಲೇ ನೀರಿಗಿಳಿದ ಕುಲಕರ್ಣಿ ಸಾಹೇಬರು

ಕೊಲ್ಹಾರ, ಹೊರಡುವ ಮುಂಚೆ

ನಾನು ಜಪಾನಿಗೆ ಹೋಗಿ ಬಂದೆ ಎಂದರೆ ನಮ್ಮ ಓಣಿಯ ಅರ್ಧ ಜನ ಇವತ್ತಿಗೂ ನಂಬುವುದಿಲ್ಲ. ಬೇಡ, ನಂಬಬೇಡಿ. ಕೊಲ್ಹಾರದ ಸಂತೆಯಲ್ಲಿ ಬುಟ್ಟಿ ಇಟ್ಟುಕೊಂಡು ಮೀನು ಮಾರುವ ಕಾಶೀಬಾಯಿ ವಿಮಾನ ಹತ್ತಿದಳು ಎಂಬುದನ್ನು ನನ್ನ ಗಂಡನೇ ನಂಬಲು ತಡಮಾಡಿದ. ಪಾಸ್‌ಪೋರ್ಟಿನ ಫೋಟೋ ನೋಡಿ, "ಪೊಲೀಸರು ಹಿಡದಾಂಗ ಕಾಣ್ತಿ ನೋಡು" ಎಂದ.

ಅಲ್ಲಿಯ ಯಾವುದೋ ಒಂದು ಕೊಲ್ಲಿಯ ಮೀನುಗಾರರ ಸಂಘ ನಮ್ಮವರನ್ನು ಕರೆದಿತ್ತು. ಒಬ್ಬ ಅಧಿಕಾರಿ ಬರಲಿ, ಜೊತೆಗೆ ಒಬ್ಬ ಮೀನುಗಾರ ಹೆಂಗಸು ಬರಲಿ ಎಂದಿದ್ದರಂತೆ. ಯಾಕೆಂದರೆ ಆ ಕೊಲ್ಲಿಯಲ್ಲಿ ನೀರಿಗಿಳಿದು ದುಡಿಯುವವರು ಹೆಂಗಸರು. ಕೃಷ್ಣೆಯ ದಂಡೆಯಲ್ಲಿ ಬಸವನ ಬಾಗೇವಾಡಿ, ಮುದ್ದೇಬಿಹಾಳ, ಭೀಮೆಯ ದಂಡೆಯಲ್ಲಿ ಇಂಡಿ, ಸಿಂದಗಿ, ಎಲ್ಲಾ ಹುಡುಕಿದರೂ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದ ಅಂಬಿಗರ ಹೆಂಗಸು ನಾನೊಬ್ಬಳೇ ಸಿಕ್ಕಿದ್ದು. ನನ್ನ ಅಪ್ಪ ಹಟ ಹಿಡಿದು ಸಾಲಿಗೆ ಕಳಿಸಿದ್ದು ಹೀಗೆ ಕೆಲಸಕ್ಕೆ ಬಂತು.

ಅಧಿಕಾರಿ ಎಂದರೆ ನಮ್ಮ ಮೀನುಗಾರಿಕೆ ಇಲಾಖೆಯ ಕುಲಕರ್ಣಿ ಸಾಹೇಬರು. ಸಿಂದಗಿಯವರು, ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ, ಜೀಪಿನಲ್ಲಿ ಇಂಗ್ಲಿಷು. ಹುಟ್ಟಿದಾಗಿನಿಂದ ಮೀನು ಮುಟ್ಟಿದವರಲ್ಲ. ಮೀನಿನ ಇಲಾಖೆಯಲ್ಲಿ ಬಡ್ತಿ ಮೇಲೆ ಬಡ್ತಿ ಪಡೆದು ಸಾಹೇಬರಾಗಿದ್ದರು. ಕೆಟ್ಟ ಮನುಷ್ಯ ಅಂತ ನಾನು ಹೇಳುವುದಿಲ್ಲ. ಆದರೆ ನನಗೆ ಅವರ ಮೇಲೆ ಸಿಟ್ಟಿತ್ತು, ಅದನ್ನು ಮುಚ್ಚಿಟ್ಟು ಹೋದವಳೂ ನಾನಲ್ಲ.

ಸಿಟ್ಟಿಗೆ ಕಾರಣ ಬಸುರಿ ಮಡು. ಬೇಸಿಗೆಯಲ್ಲಿ ನಮ್ಮ ಹೊಳೆ ಬತ್ತಿ ಸಣ್ಣ ಹರಿವಾಗುತ್ತದೆ. ಆಗ ಊರ ಕೆಳಗಿನ ಆ ಆಳವಾದ ಮಡುವಿನಲ್ಲಿ ದೊಡ್ಡ ಮೀನುಗಳೆಲ್ಲ ಸೇರುತ್ತವೆ, ಹೊಟ್ಟೆಯಲ್ಲಿ ತತ್ತಿ ತುಂಬಿಕೊಂಡು. ಅದಕ್ಕೇ ಆ ಹೆಸರು. ನಮ್ಮ ಹಿರಿಯರು ಬೇಸಿಗೆಯಲ್ಲಿ ಹರಿವಿಗೆ ಬಲೆ ಹಾಕಿದರೂ ಮಡುವಿಗೆ ಹಾಕುತ್ತಿರಲಿಲ್ಲ. ಮಳೆಗಾಲದ ಮಹಾಪೂರ ಬಂದು ಇಳಿದ ಮೇಲೆಯೇ ಅಲ್ಲಿ ದೋಣಿ. ಈಗ ಇಲಾಖೆ ಆ ಮಡುವನ್ನು ಹರಾಜು ಹಾಕುವ ವಿಚಾರ ಮಾಡಿತ್ತು. ಹೆಚ್ಚು ಬೆಲೆ ಕೂಗಿದ ಗುತ್ತೇದಾರ ಬಂದು, ಬೇಸಿಗೆಯಲ್ಲೇ ಸಣ್ಣ ಕಣ್ಣಿನ ಬಲೆ ಎಳೆದು, ತಾಯಿಯನ್ನೂ ಮರಿಯನ್ನೂ ಬಾಚಿಕೊಂಡು ಹೋಗುವುದು. ನಾವು ದಂಡೆಯ ಮೇಲೆ ನಿಂತು ನೋಡುವುದು. ಹರಾಜು ಬೇಕೋ ಬೇಡವೋ ಎಂದು ಸಲಹೆ ಕೊಡಬೇಕಾದವರು ಕುಲಕರ್ಣಿ ಸಾಹೇಬರು, ಅದೂ ಈ ಪ್ರವಾಸ ಮುಗಿಸಿ ಬಂದ ಮೇಲೆ.

ಹಾಗಾಗಿ ನಾನು ಜಪಾನನ್ನು ಒಂದು ಕಣ್ಣಿಂದ ನೋಡಿದೆ. ಇನ್ನೊಂದು ಕಣ್ಣು ಸಾಹೇಬರ ಮೇಲೆಯೇ ಇತ್ತು.

ಮುಂಬಯಿ

ವಿಮಾನ ನಿಲ್ದಾಣದಲ್ಲಿ ಸಾಹೇಬರ ಚೀಲದಿಂದ ಎಣ್ಣೆ ಸೋರತೊಡಗಿತು. ಇಂಡಿಯ ನಿಂಬೆಹಣ್ಣಿನ ಉಪ್ಪಿನಕಾಯಿ. ಭರಣಿಯ ಮುಚ್ಚಳ ಸಡಿಲಾಗಿ ಇಲಾಖೆಯ ಕಾಗದಗಳೆಲ್ಲ ಕೆಂಪಗಾಗಿದ್ದವು. ತಪಾಸಣೆಯ ಅಧಿಕಾರಿಯೊಬ್ಬ ಎರಡು ಬೆರಳಲ್ಲಿ ಒಂದು ಕಾಗದ ಎತ್ತಿ ಹಿಡಿದು ಇದೇನು ಎಂದ. ಸಾಹೇಬರು ಇಂಗ್ಲಿಷಿನಲ್ಲಿ ಏನೋ ದೊಡ್ಡದಾಗಿ ಹೇಳಿದರು.

"ಏನಂದ್ರಿ ಸಾಹೇಬ್ರ?"

"ಸರಕಾರಿ ದಸ್ತಾವೇಜು ಅಂದೆ."

"ವಾಸನಿ ನೋಡಿದ್ರ ಅಂವಗ ಊಟಕ್ಕ ಕುಂದ್ರಬೇಕು ಅನಸ್ತಿರಬೇಕು."

"ಕಾಶೀಬಾಯಿ, ಸ್ವಲ್ಪ ಸುಮ್ನಿರ್ರಿ. ನಮ್ಮ ದೇಶದ ಮರ್ಯಾದಿ ಪ್ರಶ್ನೆ ಅದ."

ನನ್ನ ಗಂಟಿನಲ್ಲಿ ಖಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿ ಇತ್ತು. ಒಂದು ಹನಿ ಸೋರಲಿಲ್ಲ. ದೇಶದ ಮರ್ಯಾದೆಯನ್ನು ನಾನೇ ಕಾಪಾಡಿದೆ ಅಂತ ಇಟ್ಟುಕೊಳ್ಳಿ.

ಕೊಲ್ಲಿಯ ಊರು, ಮೊದಲ ಸಂಜೆ

ಟೋಕಿಯೋ ಬಗ್ಗೆ ನನ್ನನ್ನು ಕೇಳಬೇಡಿ. ಜನ, ದೀಪ, ಜನ. ಮುಗಿಯಿತು. ಅಲ್ಲಿಂದ ರೈಲು, ಆಮೇಲೆ ಗುಡ್ಡ ಸುತ್ತಿ ಇಳಿಯುವ ಬಸ್ಸು. ಬಸ್ಸು ಕೊನೆಯ ತಿರುವು ತಿರುಗಿದಾಗ ಕೊಲ್ಲಿ ಕಂಡಿತು. ಎರಡೂ ಬದಿ ಗುಡ್ಡ, ನಡುವೆ ಅಂಗೈಯಲ್ಲಿ ಹಿಡಿದಂತೆ ಸಮುದ್ರ. ಆಚೆ ದಡದಲ್ಲಿ ಮಾತ್ರ ಗುಡ್ಡದ ಬುಡಕ್ಕೆ ಚಿಮಣಿಗಳು. ಸಮುದ್ರಕ್ಕೆ ಮಣ್ಣು ತುಂಬಿ ಕಾರ್ಖಾನೆ ಕಟ್ಟಿದ್ದರು.

ನಮ್ಮನ್ನು ಇಳಿಸಿಕೊಂಡವರು ಹಾರು ಅಜ್ಜಿ, ಸಂಘದ ಹೆಂಗಸರಿಗೆಲ್ಲ ಮುಖ್ಯಸ್ಥೆ. ನನ್ನ ಅವ್ವನ ವಯಸ್ಸು, ನನ್ನ ಎದೆಯಷ್ಟು ಎತ್ತರ, ಬಿಸಿಲಿಗೆ ಸುಟ್ಟ ಮುಖ. ಜೊತೆಗೆ ಊರಿನ ಸಾಲಿಯಲ್ಲಿ ಕಲಿಸುವ ಬಾಯಿ, ಮೋರಿ ಎಂದು ಹೆಸರು. ನಾನು ಮೋರಿಬಾಯಿ ಎಂದೇ ಕರೆದೆ, ಅವರೂ ಓಗೊಟ್ಟರು. ಮಾತಿನ ವ್ಯವಸ್ಥೆ ಹೀಗೆ: ಅಜ್ಜಿ ತಮ್ಮ ಭಾಷೆಯಲ್ಲಿ ಹೇಳುವುದು, ಮೋರಿಬಾಯಿ ಅದನ್ನು ಇಂಗ್ಲಿಷು ಮಾಡುವುದು, ಕುಲಕರ್ಣಿ ಸಾಹೇಬರು ಅದನ್ನು ಕನ್ನಡ ಮಾಡಿ ನನಗೆ ಕೊಡುವುದು. ಅಜ್ಜಿ ಒಂದು ಬುಟ್ಟಿ ಮಾತಾಡಿದರೆ ನನಗೆ ಒಂದು ಬೊಗಸೆ ಬಂದು ತಲುಪುತ್ತಿತ್ತು.

ಊಟಕ್ಕೆ ಹಸಿ ಮೀನು ತಂದಿಟ್ಟರು. ಹಸಿ ಅಂದರೆ ಹಸಿಯೇ, ಒಲೆಯ ಮುಖ ಕಾಣದ್ದು. ಹುಟ್ಟಿದಾಗಿನಿಂದ ಮೀನಿನ ಜೊತೆಗೇ ಬೆಳೆದ ನಾನು ಅದನ್ನು ನೋಡಿ ಹಿಂದೆ ಸರಿದೆ. ಸಾಹೇಬರಿಗೆ ಸಿಕ್ಕಿದ್ದೇ ಅವಕಾಶ.

"ಯಾಕ್ರಿ ಕಾಶೀಬಾಯಿ? ನಿಮ್ಮ ಕುಲಕಸಬು ಅಲ್ಲೇನದು?"

"ಕಸಬು ಹಿಡಿಯೋದ್ರಿ. ಕಚ್ಚಿ ತಿನ್ನೋದಲ್ಲ."

ಅವರಿಗೆ ಮಾತ್ರ ದೇವರು ಕಣ್ಣು ತೆರೆದಿದ್ದ. ತಟ್ಟೆಯಲ್ಲಿ ಕಪ್ಪಗೆ, ಎಳೆ ಎಳೆಯಾಗಿ ಏನೋ ಪಲ್ಯ. ಸಮುದ್ರದ ಕಲ್ಲಿನ ಮೇಲೆ ಬೆಳೆಯುವ ಸೊಪ್ಪಂತೆ. ಸಾಹೇಬರು ಎರಡೆರಡು ಸಲ ವಿಚಾರಿಸಿಕೊಂಡರು, ಇದರಲ್ಲಿ ಜೀವ ಇಲ್ಲವಲ್ಲ ಅಂತ. ಇಲ್ಲ ಎಂದ ಮೇಲೆ ಅಜ್ಜಿಯ ತಟ್ಟೆಯದನ್ನೂ ಇಸಿದುಕೊಂಡು ತಿಂದರು. ಆ ಪ್ರವಾಸವಿಡೀ ಅವರು ಬದುಕಿದ್ದು ಆ ಸೊಪ್ಪು ಮತ್ತು ಉಳಿದ ಉಪ್ಪಿನಕಾಯಿಯ ಮೇಲೆ.

ಮುಚ್ಚಿದ ಸಮುದ್ರ

ಮಾರನೆಯ ದಿನ ಹಾರು ಅಜ್ಜಿ ನಮ್ಮನ್ನು ದಡಕ್ಕೆ ಕರೆದೊಯ್ದರು. ಕಲ್ಲುಗಳ ಮೇಲೆ ಆ ಸೊಪ್ಪು ದಟ್ಟವಾಗಿ ಬೆಳೆದು ಅಲೆಗೆ ತೂಗುತ್ತಿತ್ತು. ಕೈ ಹಾಕಿದರೆ ಒಂದು ಬುಟ್ಟಿ. ಆದರೆ ಒಬ್ಬರೂ ಕೈ ಹಾಕುತ್ತಿರಲಿಲ್ಲ. ದಡದಲ್ಲಿ ಒಂದು ಬಿದಿರು ಗಳ ನೆಲದ ಮೇಲೆ ಮಲಗಿತ್ತು, ತುದಿಗೆ ಸುತ್ತಿಟ್ಟ ಕೆಂಪು ಬಟ್ಟೆ.

"ಕೊಲ್ಲಿ ಈಗ ಮುಚ್ಚೇದಂತ" ಎಂದರು ಸಾಹೇಬರು.

"ಸಮುದ್ರಕ್ಕ ಬಾಗಲಾ ಐತೇನ್ರಿ, ಮುಚ್ಚಾಕ?"

ಇದೆ ಎಂದು ಅಜ್ಜಿ ವಿವರಿಸಿದರು. ಸೊಪ್ಪು ಬಲಿಯುವ ತನಕ, ಕಲ್ಲಿಗಂಟಿದ ಚಿಪ್ಪುಮೀನು ದೊಡ್ಡದಾಗುವ ತನಕ ಯಾರೂ ಇಳಿಯುವಂತಿಲ್ಲ. ಯಾವತ್ತು ತೆರೆಯಬೇಕು ಎಂದು ಸಂಘದವರೇ ಕೂತು ನಿಶ್ಚಯಿಸುತ್ತಾರೆ. ಆ ದಿನ ಬೆಳಿಗ್ಗೆ ಪ್ರತಿ ಮನೆಯಿಂದ ಒಬ್ಬರು ಕುಡಗೋಲು ಹಿಡಿದು ದಡಕ್ಕೆ ಬರಬೇಕು. ಕೊನೆಯ ಮನೆಯವರು ಬಂದು ನಿಂತ ಮೇಲೆಯೇ ಬಿದಿರಿನ ಆ ಕೆಂಪು ನಿಶಾನೆ ಏರುವುದು. ಕಾಲು ಸರಿಯಿಲ್ಲದ ಮುದುಕಿ ನಿಧಾನವಾಗಿ ಬಂದರೆ ಊರೆಲ್ಲ ಅವಳಿಗಾಗಿ ನಿಲ್ಲುತ್ತದೆ. ಅದಕ್ಕೂ ಮುಂಚೆ ಯಾರದಾದರೂ ಕಾಲು ನೀರಿಗೆ ಬಿದ್ದರೆ ಆವತ್ತು ನಿಶಾನೆ ಏರುವುದಿಲ್ಲ. ಎಲ್ಲರೂ ಖಾಲಿ ಬುಟ್ಟಿಯಲ್ಲಿ ಮನೆಗೆ.

ನಮ್ಮ ಜೊತೆ ಅಲ್ಲಿಯ ಸರಕಾರದ ಮೀನುಗಾರಿಕೆ ಅಧಿಕಾರಿಯೂ ಇದ್ದ, ದಪ್ಪ ಕನ್ನಡಕದ ಮನುಷ್ಯ. ನಾನು ನೇರವಾಗಿ ಕೇಳಿದೆ: "ಈ ಕೊಲ್ಲಿ ಯಾರದು?" ಮಾತು ಎರಡು ಭಾಷೆ ದಾಟಿ ಹೋಗಿ ವಾಪಸು ಬಂತು. ಹಕ್ಕು ಊರಿನ ಸಂಘದ್ದು, ಕಾನೂನಿನಲ್ಲೇ ಹಾಗಿದೆ. ಸರಕಾರ ನೀರು ಪರೀಕ್ಷೆ ಮಾಡುತ್ತದೆ, ಮರಿ ಚಿಪ್ಪುಮೀನು ತಂದು ಬಿಡುತ್ತದೆ, ಜಗಳ ಬಂದರೆ ನೋಡುತ್ತದೆ.

"ಲಿಲಾವ ಇಲ್ಲೇನು ಕೇಳ್ರಿ ಸಾಹೇಬ್ರ."

ಸಾಹೇಬರು ಹರಾಜಿನ ಆ ಮಾತನ್ನು ಇಂಗ್ಲಿಷು ಮಾಡಲಿಲ್ಲ. ಆಕಾಶ ನೋಡಿದರು.

"ಕೇಳ್ರಿ ಅಂದೆ."

"ಕೇಳ್ತೇನಿ, ಆಮ್ಯಾಲ ಕೇಳ್ತೇನಿ. ಎಲ್ಲಾದಕ್ಕೂ ಒಂದು ಸಮಯ ಅದ."

ನಾನು ಬಿಡುವವಳೇ? ಮೋರಿಬಾಯಿಯ ಮುಂದೆ ನಿಂತು ನಾನೇ ಅಭಿನಯ ಮಾಡಿದೆ. ಒಂದು ಕಲ್ಲನ್ನು ಎತ್ತಿ ಹಿಡಿದು, ಒಂದು, ಎರಡು, ಮೂರು ಎಂದು ಕೂಗಿ, ಕಲ್ಲಿನಿಂದಲೇ ಅಲ್ಲಿ ಬಿದ್ದಿದ್ದ ಹಲಗೆಯ ಮೇಲೆ ಬಡಿದು, ಕೊಲ್ಲಿಯನ್ನು ತೋರಿಸಿದೆ. ಮೋರಿಬಾಯಿಗೆ ತಕ್ಷಣ ತಿಳಿಯಿತು. ಅವರು ಹೇಳಿದ್ದನ್ನು ಕೇಳಿ ಹಾರು ಅಜ್ಜಿ ಬಾಯಿಗೆ ಕೈ ಅಡ್ಡ ಹಿಡಿದು ಬಗ್ಗಿ ಬಗ್ಗಿ ನಕ್ಕರು. ನಗು ನಿಂತ ಮೇಲೆ ಆಚೆ ದಡದ ಚಿಮಣಿ ತೋರಿಸಿ ಏನೋ ಅಂದರು. ಈ ಸಲ ಸಾಹೇಬರು ಅನುವಾದ ಮಾಡಲೇಬೇಕಾಯಿತು.

"ಆ ದಂಡಿಯವ್ರು ಹಕ್ಕು ಬಿಟ್ಟುಕೊಟ್ರಂತ, ರೊಕ್ಕ ತಗೊಂಡು. ಈ ದಂಡಿನೂ ತುಂಬೋಣ ಅಂತ ಸರಕಾರ ಕೇಳಿತ್ತಂತ. ಕೇಳ್ಲಿಕ್ಕೆ ಬಂದಾಂವ ಈ ಕನ್ನಡಕದವನೇ ಅಂತ. ಅಜ್ಜಿ ಚಹಾ ಕೊಟ್ಟು ವಾಪಸ್ ಕಳಿಸಿದ್ಳಂತ."

ಕನ್ನಡಕದವನು ಹೌದೌದು ಎಂದು ತಲೆ ಬಗ್ಗಿಸಿದ. ಚಹಾ ಚೆನ್ನಾಗಿತ್ತು ಎಂದೂ ಸೇರಿಸಿದನಂತೆ.

ನಿಶಾನೆಯ ದಿನ

ನಮ್ಮ ಅದೃಷ್ಟಕ್ಕೆ ಕೊಲ್ಲಿ ತೆರೆಯುವ ದಿನ ನಾವು ಅಲ್ಲೇ ಇದ್ದೆವು. ಬೆಳಕು ಹರಿಯುತ್ತಿದ್ದಂತೆ ನಾನು ದಡಕ್ಕೆ ಹೋದೆ. ನಮ್ಮ ಕಡೆ ಹೋಳಿ ಮುಗಿದು ಬಿಸಿಲು ಕಾಯುವ ಹೊತ್ತು, ಅಲ್ಲಿ ಮಾತ್ರ ಹಲ್ಲು ಕಟಕಟಿಸುವ ಚಳಿ. ಹೆಂಗಸರು ಬೆನ್ನಿಗೆ ಬುಟ್ಟಿ, ತಲೆಗೆ ಬಿಳಿ ಬಟ್ಟೆ ಕಟ್ಟಿ ಸಾಲಾಗಿ ನಿಂತಿದ್ದರು. ಸಮುದ್ರ ಹಿಂದೆ ಸರಿದು ಕಲ್ಲುಗಳೆಲ್ಲ ಬಯಲಾಗಿದ್ದವು. ಮಾತು, ನಗು, ಚುಡಾಯಿಸುವುದು ಎಲ್ಲಾ ನಡೆದಿತ್ತು, ಆದರೆ ಯಾರ ಬೆರಳೂ ನೀರಿನ ಗೆರೆ ದಾಟುತ್ತಿರಲಿಲ್ಲ. ಕೊನೆಯ ಮನೆಯ ಮುದುಕಿಯನ್ನು ಮೊಮ್ಮಗಳು ಕೈಹಿಡಿದು ತರುತ್ತಿದ್ದಳು. ಹಾರು ಅಜ್ಜಿ ಬಿದಿರಿಗೆ ಕೈ ಹಾಕಿದರು.

ಆಗ ಬಂಡೆಯ ಮರೆಯಿಂದ "ಹರಿ, ಹರಿ, ಹರಿ" ಎಂದು ನಡುಗುವ ದನಿ ಕೇಳಿತು.

ಎಲ್ಲರೂ ಆ ಕಡೆ ತಿರುಗಿದರು. ಕುಲಕರ್ಣಿ ಸಾಹೇಬರು. ಸೊಂಟಕ್ಕೆ ಪಂಚೆ, ಎದೆಯ ಮೇಲೆ ಜನಿವಾರ, ಕೈಯಲ್ಲಿ ತಾಮ್ರದ ಚೊಂಬು, ಸೊಂಟಮಟ್ಟ ಸಮುದ್ರದಲ್ಲಿ. ಸೂರ್ಯ ಹುಟ್ಟುವ ದೇಶಕ್ಕೆ ಬಂದು ಸೂರ್ಯನಿಗೆ ಅರ್ಘ್ಯ ಕೊಡದೆ ಇರುವುದು ಹೇಗೆ ಎಂದು ಅವರು ಹಿಂದಿನ ದಿನವೇ ಅಂದಿದ್ದರು. ನಾನು ಮನೆಯ ಹಂಡೆಯ ಹತ್ತಿರ ಕೊಡುತ್ತಾರೆ ಅಂದುಕೊಂಡಿದ್ದೆ; ಅವರು ಆ ಕಟ್ಟಳೆ ಸೊಪ್ಪು ಕೊಯ್ಯುವವರಿಗೆ ಮಾತ್ರ, ಸ್ನಾನಕ್ಕಲ್ಲ ಅಂದುಕೊಂಡಿದ್ದರಂತೆ. ಅವರು ಮೂರು ಮುಳುಗು ಹಾಕಿ, ಚೊಂಬು ಎತ್ತಿ ನೀರು ಬಿಟ್ಟು, ಕಣ್ಣು ತೆರೆದು ನೋಡಿದರೆ ದಡದ ಮೇಲೆ ಇಡೀ ಊರು.

ಸಾಹೇಬರು ತಮ್ಮನ್ನು ನೋಡಲು ಜನ ಸೇರಿದ್ದಾರೆ ಎಂದುಕೊಂಡು ಕೈಮುಗಿದರು.

ಹಾರು ಅಜ್ಜಿ ಬಿದಿರನ್ನು ಮತ್ತೆ ನೆಲಕ್ಕೆ ಮಲಗಿಸಿದರು. ಅಷ್ಟೇ. ಯಾರೂ ಕೂಗಾಡಲಿಲ್ಲ. ಹೆಂಗಸರು ಒಬ್ಬೊಬ್ಬರಾಗಿ ಬುಟ್ಟಿ ಇಳಿಸಿದರು. ಕೊನೆಯ ಮನೆಯ ಮುದುಕಿ, ಅಷ್ಟು ದೂರ ಕಷ್ಟಪಟ್ಟು ನಡೆದು ಬಂದವಳು, ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟಳು. ಅದನ್ನು ನೋಡಿ ನನಗೆ ಮುಖ ಎತ್ತಲಾಗಲಿಲ್ಲ.

ಕನ್ನಡಕದವನು ಓಡಿಬಂದ. ಇವರು ಪರದೇಶದ ಅತಿಥಿಗಳು, ನಿಮ್ಮ ಸಂಘವೇ ಕರೆಸಿದವರು, ಗೊತ್ತಿಲ್ಲದೆ ಆಗಿದೆ, ನಿಶಾನೆ ಏರಿಸಿ ಎಂದು ಅಜ್ಜಿಗೆ ಕೈಮುಗಿದ. ಅಜ್ಜಿ ಸಮಾಧಾನದಿಂದಲೇ ಉತ್ತರ ಕೊಟ್ಟರು. ಆ ಉತ್ತರವನ್ನು ನನಗೆ ತಲುಪಿಸಬೇಕಾದವರು ಯಾರು? ಒದ್ದೆ ಪಂಚೆಯಲ್ಲಿ ಗಡಗಡ ನಡುಗುತ್ತ ನಿಂತ ಕುಲಕರ್ಣಿ ಸಾಹೇಬರೇ. ತಮ್ಮ ಮೇಲಿನ ತೀರ್ಪನ್ನು ತಾವೇ ಕನ್ನಡ ಮಾಡಿದರು.

"ಅತಿಥಿಗೆ ಅಂತ ಇವತ್ತ ಬಿಟ್ರ, ನಾಳೆ ಸರಕಾರಕ್ಕ ಅಂತ ಬಿಡಬೇಕಾಗ್ತದ, ನಾಡಿದ್ದು ಕಾರ್ಖಾನಿಗೆ ಅಂತ ಬಿಡಬೇಕಾಗ್ತದ... ಹಂಗ ಅನ್ಲಿಕತ್ತಾಳ."

"ಪೂರಾ ಹೇಳ್ರಿ. ಇನ್ನೂ ಏನೋ ಅಂದ್ಳು."

ಸಾಹೇಬರು ಪಂಚೆಯ ಅಂಚು ಹಿಂಡಿದರು. "ನಾಳೆ ನಾನು ಬುಟ್ಟಿ ಹೊರಬೇಕಂತ. ಮುದುಕ್ಯಾರದು. ತಪ್ಪು ಮಾಡಿದಾವ್ರಿಗೆ ಇಲ್ಲಿ ಅದ ರೂಢಿ ಅಂತ."

"ಹೊರ್ತೀರೇನ್ರಿ?"

ಅವರು ಕಲ್ಲಿನ ಮೇಲೆ ಕೂತ ಆ ಮುದುಕಿಯನ್ನು ನೋಡುತ್ತಿದ್ದರು.

ನಾನು ಕನ್ನಡಕದವನ ಹತ್ತಿರ ಹೋದೆ. ನೀನು ಸರಕಾರ ಅಲ್ಲವೇ, ಹುಕುಂ ಮಾಡಿಬಿಡಬಹುದಿತ್ತಲ್ಲ ಎಂದು ಮೋರಿಬಾಯಿಗೆ ಕೈಸನ್ನೆ ಬಾಯಿಸನ್ನೆ ಮಾಡಿ ಕೇಳಿಸಿದೆ. ಅವನ ಉತ್ತರವನ್ನು ಸಾಹೇಬರು ಈ ಸಲ ಒಂದಕ್ಷರ ಕದಿಯದೆ ಕೊಟ್ಟರು: "ಹುಕುಂ ಬರೀಬಹುದು. ಆದ್ರ ದಿನಾ ಬೆಳಿಗ್ಗೆ ಈ ದಂಡಿ ಕಾಯ್ಲಿಕ್ಕೆ ನಾನಿರೂದಿಲ್ಲ, ಇವ್ರು ಇರ್ತಾರ."

ಮಾರನೆಯ ಬೆಳಿಗ್ಗೆ

ಹೊತ್ತರು. ನಮ್ಮ ಕುಲಕರ್ಣಿ ಸಾಹೇಬರು ಪ್ಯಾಂಟು ಮೊಣಕಾಲಿಗೆ ಮಡಚಿ, ನಿಶಾನೆ ಏರಿದ ಮೇಲೆ ನೀರಿನ ಅಂಚಿಗೆ ಬಂದು, ಹಾರು ಅಜ್ಜಿಯ ಕಡೆ ತಿರುಗಿ, ತಮ್ಮ ಕಾಲು ತೋರಿಸಿ, ನೀರು ತೋರಿಸಿ, ಇಡಲೇ ಎಂದು ಕಣ್ಣಲ್ಲೇ ಕೇಳಿದರು. ಅಜ್ಜಿ ತಲೆ ಆಡಿಸಿದರು. ಆಮೇಲೆ ಮಧ್ಯಾಹ್ನದವರೆಗೆ ನೀರು ಸುರಿಯುವ ಬುಟ್ಟಿಗಳನ್ನು ಬೆನ್ನಿಗೇರಿಸಿ ದಡದಿಂದ ಮೇಲಿನ ಒಣಗುಬಯಲಿಗೆ ಹತ್ತಿದ್ದೇ ಹತ್ತಿದ್ದು. ಹೆಂಗಸರು ಅವರನ್ನು ಚುಡಾಯಿಸಿದರು, ಅವರ "ಹರಿ, ಹರಿ" ಕಲಿತುಕೊಂಡು ಬುಟ್ಟಿ ಎತ್ತುವಾಗಲೆಲ್ಲ ಅದನ್ನೇ ಕೂಗಿದರು.

ನಾನೂ ಕುಡಗೋಲು ಹಿಡಿದು ಇಳಿದೆ. ಸೊಪ್ಪನ್ನು ಬುಡಸಮೇತ ಕಿತ್ತಾಗ ಅಜ್ಜಿ ನನ್ನ ಕೈಮೇಲೆ ಪಟ್ಟನೆ ಹೊಡೆದರು. ಬೇರು ಬಿಟ್ಟು ಕೊಯ್ಯಬೇಕು. ಅದಕ್ಕೆ ಅನುವಾದ ಬೇಕಾಗಲಿಲ್ಲ.

ವಾಪಸು, ಸೊಲ್ಲಾಪುರದ ರೈಲು

ಮುಂಬಯಿ ಬಿಟ್ಟ ಮೇಲೆ ನಾನು ಕೇಳಿಯೇಬಿಟ್ಟೆ. "ಸಾಹೇಬ್ರ, ನಮ್ಮ ಮಡುವಿನ ವಿಚಾರ ಏನ್ ಮಾಡ್ತೀರಿ?"

"ಲಿಲಾವ ಬ್ಯಾಡ, ಸಂಘಕ್ಕ ಕೊಡ್ರಿ ಅಂತ ಬರೀತೇನಿ."

"ಖರೇನ?"

"ಬೆನ್ನು ಇನ್ನೂ ನೋಯ್ಲಿಕತ್ತದ ಕಾಶೀಬಾಯಿ. ಸುಳ್ಳು ಹ್ಯಾಂಗ ಬರೀಲಿ?" ಆಮೇಲೆ ಕಿಟಕಿಯ ಹೊರಗೆ ನೋಡುತ್ತ ಅಂದರು, "ಆದ್ರ ನಾನು ಬರದದ್ದು ಮ್ಯಾಲಿನವ್ರು ಕೇಳ್ತಾರ ಅಂತ ತಿಳೀಬ್ಯಾಡ್ರಿ."

"ಅವ್ರು ಕೇಳ್ಲಿಲ್ಲಂದ್ರ ನಾವು ಅದೀವ್ರಿ. ದಿನಾ ಬೆಳಿಗ್ಗೆ ದಂಡಿ ಮ್ಯಾಲ ಇರೋರು ನಾವ."

ಬಸುರಿ ಮಡು

ಅವರು ಹೇಳಿದಂತೆಯೇ ಆಯಿತು. ಸಾಹೇಬರು ಬರೆದರು, ಮೇಲಿನವರು ಓದಿ ಪಕ್ಕಕ್ಕಿಟ್ಟರು, ಮಡು ಹರಾಜಾಯಿತು. ಬೇಸಿಗೆಯ ಒಂದು ಬೆಳಿಗ್ಗೆ ಹೊರಗಿನ ಗುತ್ತೇದಾರ ಲಾರಿಯಲ್ಲಿ ದೋಣಿ, ನೈಲಾನ್ ಬಲೆ ಹೇರಿಕೊಂಡು ಬಂದ. ಹಿಂದೆಯೇ ವಿಜಾಪುರದಿಂದ ಜೀಪು. ಅದರಿಂದ ದೊಡ್ಡ ಸಾಹೇಬರೊಬ್ಬರು ಇಳಿದರು, ಅವರ ಹಿಂದೆ ಕುಲಕರ್ಣಿ ಸಾಹೇಬರು. ದೋಣಿಯಲ್ಲಿ ಮಡುವನ್ನು ಒಂದು ಸುತ್ತು ಹಾಕಿ, ಗಡಿ ತೋರಿಸಿ, ಗುತ್ತೇದಾರನಿಗೆ ಕಬಜಾ ಕೊಡಬೇಕು. ಇಲಾಖೆಯವರು ನೀರಿಗಿಳಿಯದೆ ಕಬಜಾ ಆಗುವುದಿಲ್ಲ.

ನಾವು ಮೊದಲೇ ಬಂದು ನಿಂತಿದ್ದೆವು. ನಾನು ಊರೂರು ತಿರುಗಿ, ಜಪಾನಿನ ಕತೆ ಹೇಳುವ ನೆಪದಲ್ಲಿ ಎಲ್ಲರನ್ನೂ ತಯಾರು ಮಾಡಿದ್ದೆ. ಮುದ್ದೇಬಿಹಾಳದ ಕಡೆಯವರು ದೋಣಿಯಲ್ಲಿ ಬಂದರು. ಭೀಮೆಯ ದಂಡೆಯಿಂದ ಇಂಡಿ, ಸಿಂದಗಿಯ ಹೆಂಗಸರು ಬಸ್ಸು ಹತ್ತಿ ಬುತ್ತಿ ಕಟ್ಟಿಕೊಂಡು ಬಂದರು. ಇವತ್ತು ಕೃಷ್ಣೆಗೆ ಆದದ್ದು ನಾಳೆ ಭೀಮೆಗೂ ಆಗುತ್ತದೆ ಎಂದು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮಡುವಿನ ಸುತ್ತ ಸಾಲಾಗಿ ಹೆಂಗಸರು, ಕೈಯಲ್ಲಿ ಕುಡಗೋಲು. ನಮ್ಮ ಮುಂದೆ ನೆಲದ ಮೇಲೆ ಒಂದು ಬಿದಿರು ಗಳ, ತುದಿಗೆ ನನ್ನ ಹಳೆಯ ಇಳಕಲ್ ಸೀರೆಯ ಕೆಂಪು ಸೆರಗು.

"ಏನಿದು ನಾಟಕ?" ಎಂದರು ದೊಡ್ಡ ಸಾಹೇಬರು.

"ನಾಟಕ ಅಲ್ರಿ. ಮಡು ಮುಚ್ಚೇತಿ" ಎಂದೆ. "ಮಹಾಪೂರ ಬಂದು ಇಳದ ಮ್ಯಾಲ ತೆರೀತೇವಿ. ಆಗ ಬರ್ರಿ."

"ಸರಕಾರದ ಹುಕುಂ ಐತಿ ಇದಕ್ಕ."

"ಮಡುವಿನ್ಯಾಗ ಮೀನ ಬಸರಿ ಅದಾವ್ರಿ. ಅವಕ್ಕ ಹುಕುಂ ಓದಾಕ ಬರೂದಿಲ್ಲ."

ಹೆಂಗಸರು ನಕ್ಕರು. ಗುತ್ತೇದಾರ ತನ್ನ ಆಳುಗಳಿಗೆ ದೋಣಿ ಇಳಿಸಲು ಹೇಳಿದ. ಆಳುಗಳು ಹೆಂಗಸರ ಸಾಲು ನೋಡಿದರು, ಕುಡಗೋಲು ನೋಡಿದರು, ಬೀಡಿ ಹಚ್ಚಿದರು. ದೊಡ್ಡ ಸಾಹೇಬರಿಗೆ ಸಿಟ್ಟು ನೆತ್ತಿಗೇರಿತು. "ಕುಲಕರ್ಣಿ, ನೀವು ಇಳೀರಿ. ನೀವು ನೀರಾಗ ಕಾಲಿಟ್ರ ಇವ್ರು ಏನು ಮಾಡ್ತಾರ ನೋಡೋಣು."

ಕುಲಕರ್ಣಿ ಸಾಹೇಬರು ಮುಂದೆ ಬಂದರು. ಅವರು ನೀರಿನ ಅಂಚಿಗೆ ಬಂದು ಚಪ್ಪಲಿ ಕಳಚಿದರು. ಪ್ಯಾಂಟಿನ ತುದಿ ಮಡಚಿದರು. ಅಷ್ಟು ಮಾಡಿ ಅವರು ನನ್ನ ಕಡೆ ತಿರುಗಿದರು.

"ಕಾಶೀಬಾಯಿ, ಕಾಲ ಇಡ್ಲೇನ್ರಿ?"

ನಾನು ಬಿದಿರು ನೋಡಿದೆ. ಅದು ಮಲಗಿಯೇ ಇತ್ತು.

"ಇವತ್ತ ಬ್ಯಾಡ್ರಿ ಸಾಹೇಬ್ರ."

"ಆತು" ಎಂದವರೇ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಹಿಂದೆ ಬಂದು ಬಿಸಿಲಿಗೆ ಕಾದ ಕಲ್ಲಿನ ಮೇಲೆ ಕೂತುಬಿಟ್ಟರು. ದೊಡ್ಡ ಸಾಹೇಬರು ಕೂಗಿದರು, ನೌಕರಿ ನೆನಪಿಸಿದರು. ಕುಲಕರ್ಣಿ ಸಾಹೇಬರು ಕುಂಡಿ ಸುಟ್ಟರೂ ಏಳಲಿಲ್ಲ. "ನೀವ ಇಳೀರಿ ಸಾಹೇಬ್ರ, ನಾ ಏನು ಅಡ್ಡ ಬಂದಿಲ್ಲ" ಎಂದರು. ದೊಡ್ಡ ಸಾಹೇಬರು ನೀರಿನ ತನಕ ಹೋದರು, ಸಾಲು ನಿಂತ ನಮ್ಮನ್ನು ನೋಡಿದರು, ತಮ್ಮ ಬೂಟು ನೋಡಿದರು, ಜೀಪು ಹತ್ತಿದರು.

ಲಾರಿ ಸಂಜೆಯ ತನಕ ಇತ್ತು. ಆಮೇಲೆ ಅದೂ ಹೋಯಿತು. ಬೇಸಿಗೆ ಮುಗಿಯುವ ತನಕ ನಾವು ಸರದಿ ಹಾಕಿಕೊಂಡು ದಂಡೆ ಕಾದೆವು. ಗುತ್ತೇದಾರ ಮತ್ತೆ ಬಂದ, ಪೊಲೀಸರನ್ನೂ ತಂದ. ಪ್ರತಿ ಸಲವೂ ನಾವು ಅಲ್ಲೇ ಇದ್ದೆವು. ಕೊನೆಗೆ ಅವನೇ ಬರುವುದು ಬಿಟ್ಟ. ಕುಲಕರ್ಣಿ ಸಾಹೇಬರನ್ನು ದೂರದ ಊರಿಗೆ ವರ್ಗ ಮಾಡಿದರು.

ಮಹಾಪೂರ ಬಂತು, ಇಳಿಯಿತು, ಕೆಂಪು ನೀರು ತಿಳಿಯಾಯಿತು. ನಿಶಾನೆಯ ದಿನ ಗೊತ್ತುಮಾಡಿ ನಾನು ಅವರಿಗೆ ಒಂದು ಕಾರ್ಡು ಹಾಕಿದೆ. ಬರುತ್ತಾರೆ ಎಂದುಕೊಂಡಿರಲಿಲ್ಲ. ಬೆಳಗಿನ ಬಸ್ಸಿಗೆ ಬಂದಿಳಿದರು, ಒಂದು ಕೈಯಲ್ಲಿ ಉಪ್ಪಿನಕಾಯಿ ಭರಣಿ, ಇನ್ನೊಂದರಲ್ಲಿ ಅದೇ ತಾಮ್ರದ ಚೊಂಬು. ಎಲ್ಲರ ಹಿಂದೆ ಸುಮ್ಮನೆ ನಿಂತರು. ಕೊನೆಯ ಮನೆಯವರು ಬರುವ ತನಕ ಕಾದು ನಾನು ಬಿದಿರು ಎತ್ತಿದೆ. ಸೀರೆಯ ಸೆರಗು ಗಾಳಿಗೆ ಬಿಚ್ಚಿಕೊಂಡಿತು.

"ಈಗ ಇಳೀರಿ ಸಾಹೇಬ್ರ" ಎಂದೆ. "ನಿಮ್ಮ ಸೂರ್ಯ ಕಾಯಾಕತ್ತಾನ."